ಏನೂ ಆಗದಂತೆ ನೋಡಿಕೊಳ್ಳುವ ಕೆಲಸ

‘ಮೊಬೈಲ್ ಟವರ್‌ಗೆ ಟೈಮ್ ಎಲ್ಲಿಂದ ಬರುತ್ತೆ?’

ಕಳೆದ ವರ್ಷ ಬೆಂಗಳೂರಿನ ಒಂದು ಟೆಲಿಕಾಂ ಕಂಪನಿಯ ಸಂದರ್ಶನದಲ್ಲಿ ನನಗೆ ಎದುರಾದ ಪ್ರಶ್ನೆ ಇದು. ಎಲೆಕ್ಟ್ರಾನಿಕ್ಸ್ ಆ್ಯಂಡ್ ಕಮ್ಯುನಿಕೇಷನ್‌ನಲ್ಲಿ ಬಿ.ಇ. ಮುಗಿಸಿ ಎಂಟು ತಿಂಗಳಾಗಿತ್ತು. ಅದು ನನ್ನ ಆರನೇ ಸಂದರ್ಶನ. ‘ಇಂಟರ್‌ನೆಟ್‌ನಿಂದ ಸರ್’ ಅಂದೆ. ಎದುರಿಗಿದ್ದವರು ನಕ್ಕರು. ‘ಟವರ್ ಹತ್ತಿರ ಬಿಳೀ ಅಣಬೆ ಥರದ ಪುಟ್ಟ ಆಂಟೆನಾ ಇರುತ್ತಲ್ಲಮ್ಮ, ಯಾವತ್ತಾದ್ರೂ ನೋಡಿದ್ದೀಯಾ?’ ನೋಡಿರಲಿಲ್ಲ. ‘ಅದು ಜಿಪಿಎಸ್ ಆಂಟೆನಾ. ದಾರಿ ಹುಡುಕೋಕೆ ಅಲ್ಲ, ಟೈಮ್ ತಗೊಳ್ಳೋಕೆ. ಆ ಟೈಮ್ ಸರಿಯಾಗಿರೋ ಹಾಗೆ ನೋಡ್ಕೊಳ್ಳೋರು ಯಾರು ಅಂತ ಓದ್ಕೊಂಡು ಬಾ’ ಎಂದರು. ‘ಓದ್ಕೊಂಡು ಬಾ’ ಅಂದರೆ ‘ಹೋಗಿ ಬಾ’ ಎಂದು ಅರ್ಥ. ಅಲ್ಲಿಂದ ಮತ್ತೆ ಕರೆ ಬರಲಿಲ್ಲ.

ಕೆಲಸ ಸಿಗದಿದ್ದರೂ ಪ್ರಶ್ನೆ ಮಾತ್ರ ತಲೆಯಲ್ಲೇ ಉಳಿಯಿತು. ಪಿ.ಜಿ.ಗೆ ಬಂದು ಓದಲು ಕೂತೆ. ಜಿಪಿಎಸ್ ಅಂದರೆ ಯಾವುದೋ ದೊಡ್ಡ ಕಂಪನಿಯ ಆ್ಯಪ್ ಎಂದೇ ಅಲ್ಲಿಯವರೆಗೂ ನಾನು ತಿಳಿದಿದ್ದೆ. ಅದು ಅಮೆರಿಕದ ಸೇನೆಯದ್ದು. ಕೊಲೊರಾಡೊ ರಾಜ್ಯದ ಬಯಲಿನಲ್ಲಿರುವ ಶ್ರೀವರ್ ಎಂಬ ಸೇನಾ ನೆಲೆಯಲ್ಲಿ ಒಂದು ಘಟಕವಿದೆ. ಹೆಸರು ‘ಸೆಕೆಂಡ್ ಸ್ಪೇಸ್ ಆಪರೇಷನ್ಸ್ ಸ್ಕ್ವಾಡ್ರನ್’. ಚಿಕ್ಕದಾಗಿ ‘ಟು ಸಾಪ್ಸ್’ ಎನ್ನುತ್ತಾರೆ. ಒಂದು ಪಾಳಿಯಲ್ಲಿ ಬೆರಳೆಣಿಕೆಯಷ್ಟು ಮಂದಿ. ಅವರಲ್ಲಿ ಬಹಳಷ್ಟು ಜನ ನಮ್ಮ ನಿಮ್ಮ ವಯಸ್ಸಿನವರು. ಹಗಲು, ರಾತ್ರಿ, ಹಬ್ಬ, ಭಾನುವಾರ ಎನ್ನದೆ ಪರದೆಗಳ ಮುಂದೆ ಕೂತು ಸುಮಾರು 30 ಉಪಗ್ರಹಗಳನ್ನು ಕಾಯುವುದೇ ಅವರ ಕೆಲಸ. ಊಟದ ಪಾರ್ಸೆಲ್ ತರುವ ಹುಡುಗ, ಆಂಬುಲೆನ್ಸ್ ಡ್ರೈವರ್, ಮೊಬೈಲ್ ಟವರ್, ವಿಮಾನ, ಯುದ್ಧನೌಕೆ ಎಲ್ಲರೂ ಆ ಪಾಳಿಯ ಮೇಲೆ ಭಾರ ಹಾಕಿ ಬದುಕುತ್ತಿದ್ದೇವೆ. ನಮಗೆ ಅವರ ಹೆಸರೂ ಗೊತ್ತಿಲ್ಲ.

ಮಿಂಚು, ಗುಡುಗು ಮತ್ತು ಉಪಗ್ರಹ

ದಾರಿ ತೋರಿಸುವ ಯಂತ್ರಕ್ಕೂ ಗಡಿಯಾರಕ್ಕೂ ಏನು ಸಂಬಂಧ? ಚಿಕ್ಕವರಿದ್ದಾಗ ಮಿಂಚು ಕಂಡ ಕೂಡಲೇ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದೆವು. ಗುಡುಗು ಕೇಳುವಷ್ಟರಲ್ಲಿ ಎಷ್ಟು ಎಣಿಸಿದ್ದೇವೆ ಎನ್ನುವುದರ ಮೇಲೆ ಸಿಡಿಲು ಎಷ್ಟು ದೂರದಲ್ಲಿ ಬಿತ್ತು ಎಂದು ಅಂದಾಜು ಮಾಡುತ್ತಿದ್ದೆವು. ಜಿಪಿಎಸ್ ಮಾಡುವುದೂ ಇದನ್ನೇ. ಸುಮಾರು 20,200 ಕಿ.ಮೀ. ಎತ್ತರದಲ್ಲಿರುವ ಪ್ರತಿ ಉಪಗ್ರಹವೂ ‘ಈಗ ಸಮಯ ಇಷ್ಟು, ನಾನು ಇಲ್ಲಿದ್ದೇನೆ’ ಎಂದು ಸಾರುತ್ತಲೇ ಇರುತ್ತದೆ. ಆ ಸಂದೇಶ ತಲುಪಲು ಎಷ್ಟು ಹೊತ್ತಾಯಿತು ಎಂಬುದರಿಂದ ನಮ್ಮ ಫೋನು ದೂರವನ್ನು ಲೆಕ್ಕ ಹಾಕುತ್ತದೆ. ಜಾಗ ಗುರುತಿಸಲು ಮೂರು ಉಪಗ್ರಹ ಸಾಕು. ಆದರೆ ಫೋನಿನೊಳಗಿನ ಅಗ್ಗದ ಗಡಿಯಾರದ ತಪ್ಪನ್ನು ತಿದ್ದಲು ನಾಲ್ಕನೆಯದು ಬೇಕು.

ಗುಡುಗಿನ ಲೆಕ್ಕದಲ್ಲಿ ಒಂದು ಸೆಕೆಂಡ್ ಹೆಚ್ಚುಕಡಿಮೆಯಾದರೆ 340 ಮೀಟರ್‌ನಷ್ಟು ವ್ಯತ್ಯಾಸ. ಇಲ್ಲಿ ಓಡುವುದು ಬೆಳಕಿನ ವೇಗದ ರೇಡಿಯೊ ಅಲೆ. ಒಂದು ಮೈಕ್ರೊಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೂ 300 ಮೀಟರ್ ಎಡವಟ್ಟು. ಹಾಗಾಗಿ ಪ್ರತಿ ಉಪಗ್ರಹದಲ್ಲೂ ಪರಮಾಣು ಗಡಿಯಾರಗಳಿವೆ. ಅವೂ ತಾವಾಗಿಯೇ ಸರಿ ಇರುವುದಿಲ್ಲ. ಐನ್‌ಸ್ಟೀನ್ ಹೇಳಿದ ಸಾಪೇಕ್ಷತೆಯ ಪ್ರಕಾರ ಅಷ್ಟು ಎತ್ತರದಲ್ಲಿ, ಅಷ್ಟು ವೇಗದಲ್ಲಿ ಸುತ್ತುವ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಒಂದೇ ದಿನದಲ್ಲಿ 10 ಕಿ.ಮೀ.ಗೂ ಹೆಚ್ಚು ತಪ್ಪು. ಹೀಗಾಗಿ ಹಾರಿಸುವ ಮುಂಚೆಯೇ ಗಡಿಯಾರದ ವೇಗವನ್ನು ಒಂದಿಷ್ಟೇ ಇಷ್ಟು ತಗ್ಗಿಸಿರುತ್ತಾರೆ.

ಉಳಿದ ತಪ್ಪನ್ನು ದಿನದಿನವೂ ತಿದ್ದುವುದು ಟು ಸಾಪ್ಸ್. ಪ್ರಪಂಚದ ಹಲವೆಡೆ ಇರುವ ವೀಕ್ಷಣಾ ಕೇಂದ್ರಗಳು ತಲೆಯ ಮೇಲೆ ಹಾದುಹೋಗುವ ಉಪಗ್ರಹಗಳ ಸಂಕೇತವನ್ನು ಕೇಳಿಸಿಕೊಂಡು ಕೊಲೊರಾಡೊಗೆ ಕಳುಹಿಸುತ್ತವೆ. ಕನ್ಯಾಕುಮಾರಿಯಿಂದ ಸುಮಾರು 1,800 ಕಿ.ಮೀ. ದೂರದ ಡಿಯೆಗೊ ಗಾರ್ಸಿಯಾ ದ್ವೀಪದಲ್ಲೂ ಅಂಥ ಒಂದು ಕೇಂದ್ರವಿದೆ. ಯಾವ ಉಪಗ್ರಹ ಕಕ್ಷೆಯಲ್ಲಿ ಎಷ್ಟು ಸರಿದಿದೆ, ಯಾವುದರ ಗಡಿಯಾರ ಎಷ್ಟು ತಪ್ಪಿದೆ ಎಂದು ಅಲ್ಲಿ ಲೆಕ್ಕವಾಗುತ್ತದೆ. ಸಾಮಾನ್ಯವಾಗಿ ದಿನಕ್ಕೆ ಒಮ್ಮೆಯಾದರೂ ಪ್ರತಿ ಉಪಗ್ರಹಕ್ಕೂ ಹೊಸ ಲೆಕ್ಕವನ್ನು ಏರಿಸಬೇಕು. ಇವತ್ತು ಏರಿಸಿದ್ದು ನಾಳೆಗೆ ಹಳತು. ಮತ್ತೆ ಅದೇ ಕೆಲಸ.

ಇದನ್ನು ಓದುವಾಗ ನನಗೆ ಅಪ್ಪ ನೆನಪಾದರು. ಅವರು ಹಾಸನ ಜಿಲ್ಲೆಯ ನಮ್ಮೂರ ಪಂಚಾಯಿತಿಯಲ್ಲಿ ನೀರುಗಂಟಿ. ಬೆಳಗಿನ ಜಾವ ಐದಕ್ಕೆ ಎದ್ದು ಮೋಟರ್ ಹಾಕಿ, ಟ್ಯಾಂಕ್ ತುಂಬಿಸಿ, ಒಂದೊಂದೇ ಕೇರಿಗೆ ವಾಲ್ವ್ ತಿರುಗಿಸಿ ನೀರು ಬಿಡುತ್ತಾರೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ನೀರು ಬಂದ ದಿನ ಯಾರೂ ಅವರನ್ನು ನೆನೆಸಿಕೊಳ್ಳುವುದಿಲ್ಲ. ಬಾರದ ದಿನ ಆರೂವರೆಗೆಲ್ಲ ನಮ್ಮನೆ ಬಾಗಿಲಲ್ಲಿ ಕೊಡಗಳ ಸಾಲು.

ಒಂದು ದುರಂತದಿಂದ ನಮ್ಮ ಕೈಗೆ

ಜಿಪಿಎಸ್ ಹುಟ್ಟಿದ್ದು ಸೈನ್ಯಕ್ಕಾಗಿ. ಮೊದಲ ಉಪಗ್ರಹ ಹಾರಿದ್ದು 1978ರ ಫೆಬ್ರುವರಿಯಲ್ಲಿ. ಆಗ ಕ್ಯಾಲಿಫೋರ್ನಿಯಾದ ವ್ಯಾಂಡೆನ್‌ಬರ್ಗ್ ನೆಲೆಯಿಂದ ಅದನ್ನು ನಿಯಂತ್ರಿಸುತ್ತಿದ್ದರು. 1983ರ ಸೆಪ್ಟೆಂಬರ್ 1ರಂದು ನ್ಯೂಯಾರ್ಕ್‌ನಿಂದ ಸೋಲ್‌ಗೆ ಹೊರಟಿದ್ದ ಕೊರಿಯನ್ ಏರ್‌ಲೈನ್ಸ್‌ನ 007 ವಿಮಾನ ದಾರಿ ತಪ್ಪಿ ಸೋವಿಯತ್ ಒಕ್ಕೂಟದ ವಾಯುಪ್ರದೇಶಕ್ಕೆ ನುಗ್ಗಿತು. ಸೋವಿಯತ್ ಯುದ್ಧ ವಿಮಾನ ಅದನ್ನು ಹೊಡೆದುರುಳಿಸಿತು. ಅದರಲ್ಲಿದ್ದ 269 ಮಂದಿಯೂ ಸತ್ತರು. ತಾನು ಎಲ್ಲಿದ್ದೇನೆ ಎಂದು ಒಂದು ವಿಮಾನಕ್ಕೆ ತಿಳಿಯದೇ ಹೋದದ್ದಕ್ಕೆ ತೆತ್ತ ಬೆಲೆ ಅದು. ಅದೇ ತಿಂಗಳು ಅಧ್ಯಕ್ಷ ರೊನಾಲ್ಡ್ ರೇಗನ್ ಆಡಳಿತ, ಜಿಪಿಎಸ್ ಸಿದ್ಧವಾದ ಮೇಲೆ ಅದನ್ನು ನಾಗರಿಕರ ಬಳಕೆಗೂ ಕೊಡುವುದಾಗಿ ಘೋಷಿಸಿತು.

1985ರ ಅಕ್ಟೋಬರ್ 1ರಂದು ಕೊಲೊರಾಡೊದಲ್ಲಿ ಆಗ ಫಾಲ್ಕನ್ ಎಂದು ಕರೆಯುತ್ತಿದ್ದ ನೆಲೆಯಲ್ಲಿ ‘ಸೆಕೆಂಡ್ ಸ್ಯಾಟಲೈಟ್ ಕಂಟ್ರೋಲ್ ಸ್ಕ್ವಾಡ್ರನ್’ ಕಾರ್ಯ ಆರಂಭಿಸಿತು. 1992ರಲ್ಲಿ ಅದಕ್ಕೆ ಈಗ ನಾವು ಹೇಳುತ್ತಿರುವ ಹೆಸರು ಬಂತು. 1998ರಲ್ಲಿ ನೆಲೆಗೂ ಹೊಸ ಹೆಸರು ಬಂತು. ಅಮೆರಿಕದ ಕ್ಷಿಪಣಿ ಕಾರ್ಯಕ್ರಮವನ್ನು ಕಟ್ಟಿದ ಜನರಲ್ ಬರ್ನಾರ್ಡ್ ಶ್ರೀವರ್ ಅವರ ಹೆಸರು ಅದು.

ಘಟಕಕ್ಕೆ ಮೊದಲ ದೊಡ್ಡ ಪರೀಕ್ಷೆ 1991ರ ಕೊಲ್ಲಿ ಯುದ್ಧ. ಆಗ ಇದ್ದದ್ದು 16 ಉಪಗ್ರಹ ಮಾತ್ರ. ದಿನದ ಎಲ್ಲ ಹೊತ್ತೂ ಪೂರ್ತಿ ಸಂಕೇತ ಸಿಗುತ್ತಿರಲಿಲ್ಲ. ಗುರುತೇ ಇಲ್ಲದ ಮರಳುಗಾಡಿನಲ್ಲಿ ಸೈನಿಕರಿಗೆ ಸೇನೆಯ ರಿಸೀವರ್‌ಗಳು ಸಾಲದೆ, ಅಂಗಡಿಯಲ್ಲಿ ಸಿಗುವ ರಿಸೀವರ್‌ಗಳನ್ನೇ ಬಳಸಬೇಕಾಯಿತು. ಕೆಲವರಿಗೆ ಮನೆಯವರೇ ಅಂಚೆಯಲ್ಲಿ ಕಳುಹಿಸಿಕೊಟ್ಟರಂತೆ. ಕೊನೆಗೆ 24 ಉಪಗ್ರಹಗಳ ಪೂರ್ಣ ವ್ಯವಸ್ಥೆ ಸಿದ್ಧವಾದದ್ದು 1995ರ ಏಪ್ರಿಲ್‌ನಲ್ಲಿ.

ಆಗಲೂ ನಾಗರಿಕರಿಗೆ ಸಿಗುತ್ತಿದ್ದದ್ದು ಬೇಕೆಂದೇ ಕಲಬೆರಕೆ ಮಾಡಿದ ಸಂಕೇತ. ಶತ್ರುಗಳು ಬಳಸಬಾರದೆಂದು ಸೇನೆ ಅದರಲ್ಲಿ ತಪ್ಪು ಸೇರಿಸುತ್ತಿತ್ತು. 100 ಮೀಟರ್‌ವರೆಗೂ ವ್ಯತ್ಯಾಸ ಬರುತ್ತಿತ್ತು. ಅಧ್ಯಕ್ಷ ಬಿಲ್ ಕ್ಲಿಂಟನ್ ಆದೇಶದಂತೆ 2000ದ ಮೇ 1ರ ಮಧ್ಯರಾತ್ರಿ ಅದನ್ನು ನಿಲ್ಲಿಸಲಾಯಿತು. ಪ್ರಪಂಚದ ಎಲ್ಲ ರಿಸೀವರ್‌ಗಳೂ ಒಮ್ಮೆಲೇ ಚುರುಕಾದವು. ಇವತ್ತು ಮನೆ ಬಾಗಿಲಿಗೆ ಆಟೊ ಬರುತ್ತದೆ, ಬಸ್ ಎಲ್ಲಿದೆ ಎಂದು ಫೋನಿನಲ್ಲಿ ಕಾಣುತ್ತದೆ ಎಂದರೆ ಆ ರಾತ್ರಿಯ ಋಣವೂ ಅದರಲ್ಲಿದೆ.

2007ರಲ್ಲಿ ಇನ್ನೊಂದು ಕೆಲಸ ನಡೆಯಿತು. ಹಳೆಯ ಮೇನ್‌ಫ್ರೇಮ್ ಕಂಪ್ಯೂಟರ್‌ಗಳನ್ನು ತೆಗೆದು ಇಡೀ ನಿಯಂತ್ರಣವನ್ನು ಹೊಸ ವ್ಯವಸ್ಥೆಗೆ ಸಾಗಿಸಿದರು. ಸಂಕೇತ ನಿಲ್ಲಿಸದೆ, ಬಳಸುವವರ ಗಮನಕ್ಕೇ ಬಾರದಂತೆ ಅದು ಮುಗಿಯಿತು. ನೀರು ನಿಲ್ಲಿಸದೆ ಊರಿನ ಪೈಪ್‌ಲೈನನ್ನೇ ಬದಲಿಸಿದ ಹಾಗೆ. 2020ರಲ್ಲಿ ಘಟಕ ವಾಯುಪಡೆಯಿಂದ ಹೊಸದಾಗಿ ಹುಟ್ಟಿದ ಬಾಹ್ಯಾಕಾಶ ಪಡೆಯ ಕೈಗೆ ಬಂತು. ಮೇಲಿನ ಬೋರ್ಡು ಬದಲಾದರೂ ಪಾಳಿ ನಿಲ್ಲಲಿಲ್ಲ.

ಹದಿಮೂರು ಮೈಕ್ರೊಸೆಕೆಂಡ್‌ನ ರಾತ್ರಿ

ನನಗೆ ಹೆಚ್ಚು ಪಾಠ ಕಲಿಸಿದ್ದು ಅವರ ಗೆಲುವಿಗಿಂತ ಅವರ ಪಾಳಿಯಲ್ಲಿ ಆದ ಒಂದು ತಪ್ಪು.

ಎಸ್‌ವಿಎನ್-23 ಎಂಬ ಉಪಗ್ರಹ ಹಾರಿದ್ದು 1990ರ ನವೆಂಬರ್‌ನಲ್ಲಿ. ಅದಕ್ಕೆ ನಿಗದಿಯಾಗಿದ್ದ ಆಯಸ್ಸು ಏಳೂವರೆ ವರ್ಷ. ನೆಲದಲ್ಲಿದ್ದವರು ಜೋಪಾನ ಮಾಡಿ ಮಾಡಿ ಅದನ್ನು 25 ವರ್ಷ ದುಡಿಸಿಕೊಂಡರು. 2016ರ ಜನವರಿಯಲ್ಲಿ ಈ ಮುದಿ ಉಪಗ್ರಹವನ್ನು ಸೇವೆಯಿಂದ ತೆಗೆದಾಗ ನೆಲದ ಸಾಫ್ಟ್‌ವೇರ್‌ನಲ್ಲಿದ್ದ ಒಂದು ದೋಷ ಹೊರಬಿತ್ತು. 15 ಉಪಗ್ರಹಗಳು ಜಗತ್ತಿನ ಅಧಿಕೃತ ಸಮಯವನ್ನು 13 ಮೈಕ್ರೊಸೆಕೆಂಡ್ ತಪ್ಪಾಗಿ ಹೇಳತೊಡಗಿದವು. ದಾರಿ ತೋರಿಸುವ ಲೆಕ್ಕಕ್ಕೆ ಏನೂ ಆಗಲಿಲ್ಲ. ಸಮಯವನ್ನು ನಂಬಿಕೊಂಡವರು ಮಾತ್ರ ತೊಂದರೆಗೆ ಸಿಕ್ಕರು. ಹಲವು ದೇಶಗಳ ದೂರಸಂಪರ್ಕ ಜಾಲಗಳಲ್ಲಿ ಎಚ್ಚರಿಕೆಯ ಗಂಟೆಗಳು ಬಡಿದುಕೊಂಡವು. ಬ್ರಿಟನ್ನಿನಲ್ಲಿ ಬಿಬಿಸಿಯ ಡಿಜಿಟಲ್ ರೇಡಿಯೊ ಪ್ರಸಾರಕ್ಕೂ ಅಡ್ಡಿಯಾಯಿತು.

ಕೊಲೊರಾಡೊದಲ್ಲಿ ಆಗ ಜನವರಿ 26ರ ನಡುರಾತ್ರಿ. ಬಳಕೆದಾರರಿಗೆ ತೊಂದರೆಯಾಗುತ್ತಿರುವುದನ್ನು ಟು ಸಾಪ್ಸ್ ಖಚಿತಪಡಿಸಿಕೊಂಡದ್ದು 12 ಗಂಟೆ 49 ನಿಮಿಷಕ್ಕೆ. ಬೆಳಿಗ್ಗೆ 6 ಗಂಟೆ 10 ನಿಮಿಷದ ಹೊತ್ತಿಗೆ ಸರಿಪಡಿಸಲಾಯಿತು. ನಮ್ಮಲ್ಲಿ ಅದು ಗಣರಾಜ್ಯೋತ್ಸವದ ಮಧ್ಯಾಹ್ನದಿಂದ ಸಂಜೆ. ನಾನಾಗ ಎಂಟನೇ ಕ್ಲಾಸು. ಶಾಲೆಯಲ್ಲಿ ಬಾವುಟ ಹಾರಿಸಿ, ಲಾಡು ತಿಂದು ಮನೆಗೆ ಬಂದು ಮಲಗಿದ್ದಿರಬೇಕು. ಭೂಮಿಯ ಆ ತುದಿಯಲ್ಲಿ ನಿದ್ದೆಗೆಟ್ಟು ಕೂತವರು ಕಣ್ಣೆವೆ ಮಿಟುಕಿಸುವ ಹೊತ್ತಿನ ಸಾವಿರಾರು ಪಾಲಿನ ಒಂದು ಪಾಲಿಗಾಗಿ ಹೆಣಗುತ್ತಿದ್ದರು.

ಟವರ್‌ಗಳಿಗೆ ಇದು ಯಾಕೆ ಅಷ್ಟು ಮುಖ್ಯ ಎಂಬುದು ಆಗ ಅರ್ಥವಾಯಿತು. ಇವತ್ತಿನ 5ಜಿ ಜಾಲಗಳಲ್ಲಿ ಕಳುಹಿಸುವುದಕ್ಕೂ ಪಡೆಯುವುದಕ್ಕೂ ಒಂದೇ ತರಂಗಾಂತರವನ್ನು ಸರದಿಯಂತೆ ಬಳಸುವ ವಿಧಾನವಿದೆ. ಅಕ್ಕಪಕ್ಕದ ಟವರ್‌ಗಳ ಸರದಿ ತಾಳೆಯಾಗಬೇಕು. ಅಲ್ಲಿ ಒಪ್ಪಿಗೆಯಿರುವ ವ್ಯತ್ಯಾಸ ಹೆಚ್ಚೆಂದರೆ ಒಂದೂವರೆ ಮೈಕ್ರೊಸೆಕೆಂಡ್. ತಪ್ಪಿದರೆ ಒಂದು ಟವರ್ ಮಾತನಾಡುವಾಗಲೇ ಪಕ್ಕದ್ದೂ ಮಾತನಾಡಿ ಗದ್ದಲವಾಗುತ್ತದೆ.

ಇದು ಅಮೆರಿಕದವರ ಕಥೆ ಮಾತ್ರವೂ ಅಲ್ಲ. 2014ರ ಏಪ್ರಿಲ್‌ನಲ್ಲಿ ರಷ್ಯಾದ ಗ್ಲೊನಾಸ್ ಉಪಗ್ರಹಗಳಿಗೆ ನೆಲದಿಂದ ತಪ್ಪು ಲೆಕ್ಕ ಏರಿ ಹಲವು ಗಂಟೆ ಇಡೀ ವ್ಯವಸ್ಥೆ ದಿಕ್ಕು ತಪ್ಪಿತು. 2019ರ ಜುಲೈನಲ್ಲಿ ಯುರೋಪಿನ ಗೆಲಿಲಿಯೊ ಸುಮಾರು ಒಂದು ವಾರ ಸ್ತಬ್ಧವಾಯಿತು. ಉಪಗ್ರಹಗಳು ಚೆನ್ನಾಗಿಯೇ ಇದ್ದವು. ಕೆಟ್ಟದ್ದು ನೆಲದ ಮೇಲಿನ ವ್ಯವಸ್ಥೆ. ರಾಕೆಟ್ ಹಾರುವಾಗ ನಾವೆಲ್ಲ ಟಿ.ವಿ. ಮುಂದೆ ಚಪ್ಪಾಳೆ ಹೊಡೆಯುತ್ತೇವೆ. ಆಮೇಲೆ ಹತ್ತು ಹದಿನೈದು ವರ್ಷ ಅದನ್ನು ಕಾಯುವವರಿಗೆ ಚಪ್ಪಾಳೆ ಇರುವುದಿಲ್ಲ.

ಅದೇ ಸಂಕೇತ, ಎರಡು ದಾರಿ

ಒಂದು ಮಾತು ಮುಚ್ಚಿಡಬಾರದು. ಇದು ಸೇನಾ ಘಟಕ. ನಮ್ಮ ಆಂಬುಲೆನ್ಸ್‌ಗೆ ದಾರಿ ತೋರಿಸುವ ಉಪಗ್ರಹಗಳೇ ಬಾಂಬ್‌ಗಳಿಗೂ ಗುರಿ ತೋರಿಸುತ್ತವೆ. ಯುದ್ಧ ನಡೆಯುವ ಕಡೆ ಜಿಪಿಎಸ್ ಸಂಕೇತವನ್ನು ಅಡಗಿಸುವುದು, ಸುಳ್ಳು ಸಂಕೇತ ಬಿಟ್ಟು ದಾರಿ ತಪ್ಪಿಸುವುದು ಈಗ ದಿನನಿತ್ಯದ ಮಾತು. ಅದನ್ನು ಎದುರಿಸಿ ತಮ್ಮ ಸೇನೆಗೆ ಸಂಕೇತ ತಲುಪಿಸುವುದೂ ಈ ಘಟಕದ ಹೊಣೆ. ಇನ್ನೊಂದು ದೇಶದ ಸೇನೆಯ ಕೈಯಲ್ಲಿರುವ ಗಡಿಯಾರವನ್ನು ಎಲ್ಲಿಯವರೆಗೆ ನೆಚ್ಚಿಕೊಂಡಿರುವುದು? ರಷ್ಯಾ, ಚೀನಾ, ಯುರೋಪ್ ತಮ್ಮದೇ ವ್ಯವಸ್ಥೆ ಕಟ್ಟಿಕೊಂಡದ್ದರ ಹಿಂದೆ ಈ ಪ್ರಶ್ನೆ ಇದೆ. ನಮ್ಮ ನಾವಿಕ್ ಹಿಂದೆಯೂ ಇದೆ.

ನಾವಿಕ್‌ನ ಮೊದಲ ಉಪಗ್ರಹ ಹಾರಿದ್ದು 2013ರ ಜುಲೈ 1ರಂದು. ಅದರ ಸಮಯ ಮತ್ತು ಕಕ್ಷೆಯ ಲೆಕ್ಕ ನೋಡಿಕೊಳ್ಳುವ ಕೇಂದ್ರ ಇರುವುದು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ. ಆ ಮೊದಲ ಉಪಗ್ರಹದ ಮೂರೂ ಪರಮಾಣು ಗಡಿಯಾರಗಳು ಕೈಕೊಟ್ಟವು. ಬದಲಿಗೆ 2017ರಲ್ಲಿ ಕಳುಹಿಸಿದ್ದು ಕಕ್ಷೆ ಸೇರಲಿಲ್ಲ. 2018ರ ಏಪ್ರಿಲ್‌ನಲ್ಲಿ ಮತ್ತೊಂದನ್ನು ಕಳುಹಿಸಬೇಕಾಯಿತು. ಆ ಗಡಿಯಾರಗಳು ವಿದೇಶದ್ದು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹದಲ್ಲಿ ಮೊದಲ ಬಾರಿಗೆ ದೇಶದಲ್ಲೇ ತಯಾರಾದ ರುಬಿಡಿಯಂ ಗಡಿಯಾರವಿತ್ತು. ಕಷ್ಟ ಎಲ್ಲಿದೆ ಎಂಬುದನ್ನು ಈ ಹತ್ತು ವರ್ಷ ನಮಗೂ ಕಲಿಸಿದೆ.

ಇನ್ನು ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರ. 1982ರಿಂದ ದೇಶದ ಸಂವಹನ, ಹವಾಮಾನ ಉಪಗ್ರಹಗಳನ್ನು ಅಲ್ಲಿಂದಲೇ ಕಾಯುತ್ತಿದ್ದಾರೆ. ಕಾಲೇಜಿಗೆ ಹೋಗುವಾಗ ನಾಲ್ಕು ವರ್ಷ ಬಸ್ಸಿನ ಕಿಟಕಿಯಿಂದ ಆ ದೊಡ್ಡ ಡಿಶ್ ಆಂಟೆನಾಗಳನ್ನು ನೋಡಿದ್ದೇನೆ. ಒಳಗೆ ರಾತ್ರಿಯಿಡೀ ಯಾರೋ ಎಚ್ಚರವಾಗಿರುತ್ತಾರೆ ಎಂದು ಒಂದು ದಿನವೂ ಅನ್ನಿಸಿರಲಿಲ್ಲ.

ಗೆಳೆಯರೇ, ಉಪಗ್ರಹ ಎಂದ ಕೂಡಲೇ ನಾವು ವಿಜ್ಞಾನಿ ಹುದ್ದೆಯೊಂದನ್ನೇ ಕಣ್ಣ ಮುಂದೆ ತಂದುಕೊಳ್ಳುತ್ತೇವೆ. ಬಿ.ಇ. ಆದವರ ಜೊತೆಗೆ ಡಿಪ್ಲೊಮಾ ಮಾಡಿದವರನ್ನು ತಾಂತ್ರಿಕ ಸಹಾಯಕರಾಗಿ, ಐಟಿಐ ಮಾಡಿದವರನ್ನು ತಂತ್ರಜ್ಞರಾಗಿ ಇಸ್ರೊ ತೆಗೆದುಕೊಳ್ಳುತ್ತದೆ. ಸೇನೆಯ ಮೂರೂ ಪಡೆಗಳಿಗಾಗಿ ರಚನೆಯಾದ ರಕ್ಷಣಾ ಬಾಹ್ಯಾಕಾಶ ಸಂಸ್ಥೆಯ ಕೇಂದ್ರ ಕಚೇರಿ ಇರುವುದೂ ಬೆಂಗಳೂರಿನಲ್ಲೇ. ಕಾಯುವವರ ಅಗತ್ಯ ಹೆಚ್ಚುತ್ತಲೇ ಹೋಗುತ್ತದೆ.

ಎಲ್ಲಾ ಹಸಿರಾ?

ಎರಡು ತಿಂಗಳ ಬಳಿಕ ಇನ್ನೊಂದು ಕಂಪನಿಯಲ್ಲಿ ನೆಟ್‌ವರ್ಕ್ ಆಪರೇಷನ್ಸ್ ಸೆಂಟರ್‌ನ ಕೆಲಸ ಸಿಕ್ಕಿತು. ಟವರ್‌ಗಳ ಜಾಲವನ್ನು ಪರದೆಯಲ್ಲಿ ನೋಡುತ್ತಾ ಕೂರುವುದು. ಮೂರು ಪಾಳಿ. ತಿಂಗಳಲ್ಲಿ ಹತ್ತು ರಾತ್ರಿ. ಊರಿಗೆ ಹೋಗಿ ಹೇಳಿದಾಗ ದೊಡ್ಡಪ್ಪ ಮುಖ ಸಿಂಡರಿಸಿದರು. ‘ಹೆಣ್ಣು ಮಗ ರಾತ್ರಿ ಪಾಳಿ ಮಾಡದಾ? ಅದೂ ಸುಮ್ನೆ ಟಿ.ವಿ. ನೋಡ್ದಂಗೆ ನೋಡ್ಕಂಡು ಕೂರಕ್ಕೆ ಇಷ್ಟು ಓದಿಸಬೇಕಿತ್ತಾ?’

ನನಗೂ ಒಳಗೊಳಗೆ ಅದೇ ಅಳುಕಿತ್ತು. ಜೊತೆಯವರು ಕೋಡಿಂಗ್ ಕೆಲಸಕ್ಕೆ ಸೇರಿ ‘ನಾನು ಇದನ್ನು ಮಾಡಿದೆ’ ಎಂದು ತೋರಿಸುತ್ತಾರೆ. ನಾನು ಏನನ್ನು ತೋರಿಸಲಿ? ಏನೂ ಆಗಲಿಲ್ಲ ಎನ್ನುವುದನ್ನು ತೋರಿಸುವುದು ಹೇಗೆ?

ಅಪ್ಪ ಆಗ ಏನೂ ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಟು ಸಾಪ್ಸ್ ಕಥೆಯನ್ನು ಅವರಿಗೆ ಹೇಳಿದೆ. ಉಪಗ್ರಹ, ಗಡಿಯಾರ, ದಿನಾ ಏರಿಸುವ ಲೆಕ್ಕ, ಹದಿಮೂರು ಮೈಕ್ರೊಸೆಕೆಂಡ್. ಎಷ್ಟು ಅರ್ಥವಾಯಿತೋ ತಿಳಿಯದು. ಕೈ ತೊಳೆದು ಬಂದವರು ಕೇಳಿದ್ದು ಒಂದೇ ಮಾತು: ‘ಅವರಿಗೂ ರಜಾ ಇಲ್ವಾ ಮಗ?’

‘ಪಾಳಿ ಬಿಟ್ಟು ಹೋಗಂಗಿಲ್ಲ ಅಪ್ಪ. ಇನ್ನೊಬ್ಬರು ಬಂದು ಕೂತ್ಮೇಲೇ ಏಳಬೇಕು.’

‘ಅದೇ ಮತ್ತೆ’ ಎಂದರು. ಮರುದಿನ ಬೆಳಿಗ್ಗೆ ನನ್ನ ಬ್ಯಾಗನ್ನು ತಾವೇ ಹೊತ್ತು ಬಸ್‌ಸ್ಟ್ಯಾಂಡ್‌ಗೆ ಬಂದರು.

ಕೆಲಸಕ್ಕೆ ಸೇರಿ ಐದು ತಿಂಗಳಾಯಿತು. ಮೊದಲ ವಾರವೇ ಮಹಡಿ ಹತ್ತಿ ಆ ಬಿಳೀ ಅಣಬೆಯನ್ನು ಕಣ್ಣಾರೆ ನೋಡಿದೆ. ಅಂಗೈಯಲ್ಲಿ ಹಿಡಿಸುವಷ್ಟಿದೆ. ನನ್ನ ಪಾಳಿಯಲ್ಲಿ ಬಹುತೇಕ ರಾತ್ರಿ ಏನೂ ಆಗುವುದಿಲ್ಲ. ಒಮ್ಮೆ ಮಾತ್ರ ಒಂದು ಕಡೆಯ ಟವರ್‌ಗಳ ಸಮಯ ಜಾರುತ್ತಿದೆ ಎಂಬ ಎಚ್ಚರಿಕೆ ಬಂದು, ಸರಿಹೋಗುವಷ್ಟರಲ್ಲಿ ಬೆಳಗಾಗಿತ್ತು. ಆ ಊರಿನವರು ಎದ್ದು ಎಂದಿನಂತೆ ಫೋನ್ ಹಚ್ಚಿದರು. ಯಾರಿಗೂ ಏನೂ ಗೊತ್ತಾಗಲಿಲ್ಲ. ಆ ದಿನ ಮನೆಗೆ ನಡೆದು ಹೋಗುವಾಗ ಆದ ಸಂತೋಷವನ್ನು ಹೇಳಲು ನನಗೆ ಬರುವುದಿಲ್ಲ.

ರಾತ್ರಿ ಪಾಳಿ ಇದ್ದ ದಿನ ಬೆಳಗಿನ ಜಾವ ಐದಕ್ಕೆ ಫೋನ್ ಬರುತ್ತದೆ. ಅಪ್ಪ ಮೋಟರ್ ಹಾಕಲು ಹೊರಟಿರುತ್ತಾರೆ. ಹಿಂದೆ ನಾಯಿ ಬೊಗಳುವುದು, ಪಂಪ್‌ಹೌಸಿನ ಬಾಗಿಲು ಕಿರುಗುಟ್ಟುವುದು ಕೇಳಿಸುತ್ತದೆ.

‘ಎಲ್ಲಾ ಹಸಿರಾ ಮಗ?’

ನಾನು ಪರದೆಯನ್ನು ಇನ್ನೊಮ್ಮೆ ನೋಡುತ್ತೇನೆ.

‘ಎಲ್ಲಾ ಹಸಿರು ಅಪ್ಪ. ನೀರು ಬಿಡಿ.’